ತಿಕೋಟಾದ ಹೆಂಗಸರ ಪಾಳಿ

ಮೈಸೂರು ಬಿಟ್ಟದ್ದು

ನಮ್ಮ ಅತ್ತೆಯವರ ಲೆಕ್ಕದಲ್ಲಿ ಅರಸೀಕೆರೆ ದಾಟಿದರೆ ಪರದೇಶ. ಎಪ್ಪತ್ತೆಂಟರ ವಿಧಾನಸಭೆ ಚುನಾವಣೆ ನೋಡಲು ನಾನು ಬಿಜಾಪುರಕ್ಕೆ ಹೊರಟಾಗ ಅವರು ಕಟ್ಟಿಕೊಟ್ಟ ಗಂಟು ನೋಡಿದವರು ಇವಳು ಹಡಗು ಹತ್ತುತ್ತಾಳೆ ಎಂದೇ ತಿಳಿದುಕೊಳ್ಳಬೇಕಿತ್ತು. ಸಾರಿನ ಪುಡಿ, ಚಟ್ನಿಪುಡಿ, ಕಾಫಿಪುಡಿ, ಹೊಟ್ಟೆನೋವಿಗೆ ಓಮ, ಮೇಲೆ ಒಂದು ಸೇರು ಅಕ್ಕಿ. "ಅಲ್ಲಿ ಅನ್ನ ಸಿಗುತ್ತೋ ಇಲ್ಲವೋ, ಯಾರಿಗೆ ಗೊತ್ತು" ಎಂದರು. ಅಕ್ಕಿಯನ್ನು ನಾನು ಅವರಿಗೆ ಕಾಣದಂತೆ ಅಡುಗೆಮನೆಯಲ್ಲೇ ಬಿಟ್ಟು ಬಂದೆ.

ಅವರನ್ನು ಆಡಿಕೊಳ್ಳುವಂತೆಯೂ ಇಲ್ಲ. ಅವರು ಮದುವೆಯಾಗಿ ಬಂದ ಕಾಲಕ್ಕೆ ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿತ್ತು, ನಾವು ಮಹಾರಾಜರ ಸೀಮೆಯವರು. ಎರಡೂ ಒಂದೇ ರಾಜ್ಯವಾಗಿ ಬಹಳ ಕಾಲವಾಗಿದ್ದರೂ ಕರ್ನಾಟಕ ಎಂಬ ಹೆಸರು ಬಂದು ನಾಲ್ಕೈದು ವರ್ಷವಾಗಿತ್ತಷ್ಟೆ. ಬಿಜಾಪುರ ಈಗ ವಿಜಯಪುರವಾಗಿದೆ. ಆಗ ನಮ್ಮ ಕಡೆಯವರಿಗೆ ಅದು ಗೋಳಗುಮ್ಮಟದ ಚಿತ್ರವಿರುವ ಒಂದು ಕ್ಯಾಲೆಂಡರ್ ಮಾತ್ರ.

ನಾನು ಬರೆಯುತ್ತಿದ್ದ ವಾರಪತ್ರಿಕೆಯ ಸಂಪಾದಕರು ಮತಗಟ್ಟೆಯೊಳಗೆ ಹೋಗುವ ಪಾಸು ಮಾಡಿಸಿಕೊಟ್ಟು, "ಸಣ್ಣ ಊರಿನ ಒಲವು ಯಾರ ಕಡೆ, ಎಷ್ಟು ಜನ ಮತ ಹಾಕಲು ಬರುತ್ತಾರೆ, ನೋಡಿಕೊಂಡು ಬನ್ನಿ" ಎಂದಿದ್ದರು. ಊರಿನ ಒಲವು ಎಂದರೆ ಮಳೆಮಾಪಕದ ನೀರಿನ ಹಾಗೆ ಕಣ್ಣಿಗೆ ಕಾಣುತ್ತದೆ ಎಂದು ನಾನೂ ನಂಬಿದ್ದೆ.

ಬಿಜಾಪುರ, ಸಿದ್ಧೇಶ್ವರ ಗುಡಿಯ ಹಿಂದೆ

ನಾನು ಇಳಿದುಕೊಂಡದ್ದು ಶಾಂತಾಳ ಮನೆಯಲ್ಲಿ. ಶಾಂತಾ ಮೈಸೂರಿನ ಹಾಸ್ಟೆಲಿನಲ್ಲಿ ನನ್ನ ಜೊತೆ ಓದಿದವಳು. ಈಗ ಬಿಜಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರು. ಸಿದ್ಧೇಶ್ವರ ಗುಡಿಯ ಹಿಂದಿನ ಹಳೆಯ ಓಣಿಯಲ್ಲಿ ಅವಳ ಮನೆ. ಬಾಗಿಲು ಎಷ್ಟು ಗಿಡ್ಡವೆಂದರೆ ಬಂದವರೆಲ್ಲ ತಲೆ ಬಾಗಿಸಿಯೇ ಒಳಗೆ ಬರಬೇಕು. ನಾನು ಬಾಗಲಿಲ್ಲ, ಹಣೆಗೆ ತಕ್ಕ ಮರ್ಯಾದೆಯಾಯಿತು.

ಊಟಕ್ಕೆ ಕೂತಾಗ ಎರಡನೆಯ ಪೆಟ್ಟು. ತಟ್ಟೆಯಲ್ಲಿ ಕಟಕ್ ರೊಟ್ಟಿ, ಎಣ್ಣೆಗಾಯಿ, ಕೆಂಪಗೆ ಹೊಳೆಯುವ ರಂಜಕ. ರೊಟ್ಟಿ ಮುರಿದಾಗ ಆದಷ್ಟು ಸದ್ದು ನಮ್ಮಲ್ಲಿ ಹಪ್ಪಳಕ್ಕೂ ಇರುವುದಿಲ್ಲ. ಕೆಂಪು ಬಣ್ಣ ನೋಡಿ ಟೊಮೆಟೊ ಗೊಜ್ಜೆಂದುಕೊಂಡು ರಂಜಕವನ್ನು ಧಾರಾಳವಾಗಿ ಹಚ್ಚಿಕೊಂಡೆ. ಅದು ಬರೀ ಕೆಂಪು ಮೆಣಸಿನಕಾಯಿ. ಆಮೇಲೆ ಸ್ವಲ್ಪ ಹೊತ್ತು ನನಗೆ ಚುನಾವಣೆ, ಪ್ರಜಾಪ್ರಭುತ್ವ ಯಾವುದೂ ನೆನಪಿರಲಿಲ್ಲ.

"ಮೊಸರು ಹಾಕ್ಕೊ ಬೇ, ಸತ್ತಗಿತ್ತೀ" ಎಂದು ಶಾಂತಾ ಗಡಿಗೆಯನ್ನೇ ನನ್ನ ಮುಂದೆ ಸರಿಸಿದಳು. "ನಿನಗ ಸಣ್ಣ ಊರು ಬೇಕಂದ್ರ ನನ್ನ ತವರುಮನಿಗಿ ಹೋಗು. ತಿಕೋಟಾದಾಗ ನಮ್ಮ ಅಣ್ಣ, ವೈನಿ ಅದಾರ. ಬಬಲೇಶ್ವರನೂ ನೋಡೂವಂಥ ಊರ, ಆದ್ರ ಅದು ಬ್ಯಾರೆ ಹಾದಿ. ಮೊದಲ ಅಲ್ಲಿ ಹೋಗಿ ಬಾ."

ಅವಳನ್ನೇ ಕೇಳಿದೆ, ಇಲ್ಲಿ ಹೆಂಗಸರು ಮತ ಹಾಕುತ್ತಾರೋ ಎಂದು. "ಊರಾಗ ಹಾಕತಾರ. ಹಳ್ಳಿ ಕಡೆ ನೀನ ನೋಡು" ಎಂದು ಶಾಂತಾ ಮೊಸರಿನ ಗಡಿಗೆ ಒಳಗಿಡಲು ಎದ್ದು ಹೋದಳು.

ಬಬಲೇಶ್ವರ

ಬಬಲೇಶ್ವರದಲ್ಲಿ ಬಸ್ಸಿಳಿದಾಗ ನನಗೆ ಮೊದಲು ಕಂಡದ್ದು ಒಂದೇ ಮಾಳಿಗೆಯ ಮೇಲೆ ಎರಡು ಬಾವುಟ. ಒಂದು ರಾಜ್ಯ ಆಳಿದ್ದ ಪಕ್ಷದ್ದು, ಇನ್ನೊಂದು ಅದನ್ನು ಎದುರಿಸುತ್ತಿದ್ದವರದ್ದು. ಒಂದು ಮನೆಯನ್ನು ಎರಡು ಪಕ್ಷಕ್ಕೂ ಬಾಡಿಗೆಗೆ ಕೊಟ್ಟಿರಬೇಕು ಎಂದುಕೊಂಡೆ. ಕಟ್ಟೆಯ ಮೇಲೆ ಅಣ್ಣತಮ್ಮಂದಿರಿಬ್ಬರು ಕೂತು ಒಂದೇ ಚೀಲದಿಂದ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.

"ಅದು ನಂದ್ರಿ, ಇದು ತಮ್ಮಂದು" ಎಂದ ಅಣ್ಣ, ಬಾವುಟಗಳನ್ನು ತೋರಿಸಿ.

"ಜಗಳವಾಗುವುದಿಲ್ಲವೇ?"

"ಯಾಕ ಆಗತೈತ್ರಿ? ಯಾರು ಆರಿಸಿ ಬಂದ್ರೂ ಮನ್ಯಾಗ ಅವರ ಕಡೆಯಾಂವ ಒಬ್ಬ ಇರಬೇಕಲ್ಲ."

ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪ, ದೊಡ್ಡಪ್ಪ ಪಕ್ಷದ ಮಾತಿಗೆ ಎರಡು ದೀಪಾವಳಿ ಮಾತು ಬಿಟ್ಟಿದ್ದರು. ಇಷ್ಟು ಸುಲಭದ ಉಪಾಯ ನಮ್ಮವರಿಗೆ ಹೊಳೆಯಲೇ ಇಲ್ಲ. ನಾನು ನಗುತ್ತ, "ಹೆಂಗಸರ ಒಲವು ಯಾರ ಕಡೆ?" ಎಂದೆ.

"ನನ್ನ ಹೆಣತಿ ನಾ ಹೇಳಿದಂಗ. ಇವನ ಹೆಣತಿ ಇಂವ ಹೇಳಿದಂಗ."

"ಹಾಗಾದರೆ ಮತ ಹಾಕಲು ಬರುತ್ತಾರೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಬರಂಗಿಲ್ರಿ" ಎಂದ ತಮ್ಮ.

ಬಾರದ ಮತವನ್ನು ಇಬ್ಬರೂ ತಮ್ಮ ತಮ್ಮ ಖಾತೆಗೆ ಬರೆದುಕೊಂಡು ಹಾಯಾಗಿದ್ದರು. ಏಕೆ ಬರುವುದಿಲ್ಲ ಎಂದು ಕೇಳಿದರೆ ಒಬ್ಬ ಅಡುಗೆ ಎಂದ, ಒಬ್ಬ ನಾಚಿಕೆ ಎಂದ. ಕಟ್ಟೆಯ ಹಿಂದಿನ ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ಏನೋ ಹೇಳಲು ಬಾಯಿ ತೆರೆದು, ಭಾವನ ಮುಖ ನೋಡಿ ಒಳಗೆ ಹೋದಳು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಬಸ್ಸು ಹತ್ತಿದೆ.

ತಿಕೋಟಾ, ಎರಡು ಹೋಟೆಲು

ತಿಕೋಟಾದ ಒಲವು ತಿಳಿಯಬೇಕಾದರೆ ಯಾರನ್ನೂ ಕೇಳಬೇಕಾಗಿಲ್ಲ, ಚಹಾ ಎಲ್ಲಿ ಕುಡಿಯುತ್ತಾರೆ ನೋಡಿದರೆ ಸಾಕು. ಬಸ್ಸು ನಿಲ್ಲುವ ಕಡೆ ಒಂದು ಹೋಟೆಲು, ಅದು ರಾಜ್ಯ ಆಳಿದ್ದ ಪಕ್ಷದವರದ್ದು. ಸ್ವಲ್ಪ ಮುಂದೆ ಬೇವಿನ ಗಿಡದ ಕೆಳಗೆ ಇನ್ನೊಂದು, ಅದು ಎದುರು ಪಕ್ಷದವರದ್ದು. ಹೊನವಾಡದ ಬಸ್ಸಿನಲ್ಲಿ ಬಂದವನು, ಬಿಜ್ಜರಗಿಯಿಂದ ಕುರಿ ಹೊಡೆದುಕೊಂಡು ಬಂದವನು, ಎಲ್ಲರೂ ಇಳಿದ ಕೂಡಲೆ ಯೋಚನೆಯೇ ಇಲ್ಲದೆ ತಮ್ಮ ಹೋಟೆಲಿನ ಕಡೆ ತಿರುಗುತ್ತಿದ್ದರು.

ಈ ಭೂಗೋಳ ನನಗೆ ತಿಳಿದದ್ದು ತಪ್ಪು ಮಾಡಿದ ಮೇಲೆ. ಬೆಳಿಗ್ಗೆ ಬಸ್ಸಿನ ಹತ್ತಿರದ ಹೋಟೆಲಿಗೆ ಹೋದೆ. ಹೆಂಗಸು ಒಬ್ಬಳೇ ಒಳಗೆ ಬಂದದ್ದಕ್ಕೆ ಇಡೀ ಹೋಟೆಲು ಮಾತು ನಿಲ್ಲಿಸಿತು. ಆದರೂ ಮಾಲೀಕರು ಗಲ್ಲಾಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಸಿ, ಬಹಳ ಮರ್ಯಾದೆಯಿಂದ ಚಹಾ ಕೊಟ್ಟು, ಗೆಲುವು ತಮ್ಮದೇ ಎಂದರು. ಸಂಜೆ ಬೇವಿನ ಗಿಡದ ಹೋಟೆಲಿಗೆ ಹೋದೆ. ಅಲ್ಲಿಯೂ ಕುರ್ಚಿ, ಚಹಾ, ಗೆಲುವು. ಮಾರನೆಯ ಬೆಳಿಗ್ಗೆ ಮೊದಲಿನ ಹೋಟೆಲಿಗೆ ಹೋದರೆ ಮಾಲೀಕರು, "ಚಹಾ ಇಲ್ರಿ" ಎಂದರು. ಅವರ ಬೆನ್ನ ಹಿಂದೆ ಚಹಾ ಉಕ್ಕಿ ಒಲೆಗೆ ಬೀಳುತ್ತಿತ್ತು.

ನಾನು ಇಳಿದುಕೊಂಡಿದ್ದ ಶಾಂತಾಳ ತವರುಮನೆಗೆ ಬಂದು ಹೇಳಿದಾಗ ಅವಳ ಅತ್ತಿಗೆ ನೀಲವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎರಡೂ ಕಡೆ ಉಂಡಾಕಿ ಅಂದ್ರು ನಿಮಗ. ಇನ್ನ ನಮ್ಮ ಮನಿ ಚಹಾನ ಕುಡೀರಿ ಅಕ್ಕಾರ."

ನೀಲವ್ವನ ಗಂಡ, ಅಂದರೆ ಶಾಂತಾಳ ಅಣ್ಣ, ಬಸ್ಸಿನ ಹೋಟೆಲಿನ ಕಡೆಯವರು. ಹೊಲವಿತ್ತು, ಹೊಸದಾಗಿ ಅದರ ಒಂದು ತುಂಡಿನಲ್ಲಿ ದ್ರಾಕ್ಷಿ ಹಾಕಿದ್ದರು. ಮಾತು ಕಡಿಮೆ, ಒಳ್ಳೆಯವರು. ಆದರೆ ಮತದ ಮಾತು ಬಂದರೆ "ನಮ್ಮ ಮನಿ ವೋಟು" ಎಂದು ಒಂದೇ ತೆಕ್ಕೆಗೆ ಎಲ್ಲವನ್ನೂ ಅಪ್ಪಿಕೊಳ್ಳುತ್ತಿದ್ದರು.

ನಾನು ನೀಲವ್ವನ ಪಕ್ಕ ಕೂತು, ಅವಳು ರೊಟ್ಟಿ ಬಡಿಯುವುದನ್ನು ನೋಡುತ್ತ, ಬಬಲೇಶ್ವರದಲ್ಲಿ ಕೇಳಿದ್ದನ್ನೇ ಕೇಳಿದೆ. ಅವಳ ಕೈ ನಿಂತಿತು.

"ಹೋದ ಸಲ ಹೋಗಿದ್ನಿರಿ" ಎಂದಳು. "ನಮ್ಮ ಓಣ್ಯಾಗ ನಾ ಒಬ್ಬಾಕೀನ. ಸಾಲ್ಯಾಗ ಪಾಳಿ ಹಚ್ಚಿ ಒಳಗ ಹೋದ್ರ, ಆ ಸಾಹೇಬ್ರು 'ಗಂಡನ ಹೆಸರೇನು' ಅಂದ್ರು."

"ಹೇಳಲಿಲ್ಲವೇ?"

ಅವಳು ನನ್ನನ್ನು ಎಂಥ ಪೆದ್ದಿ ಎಂಬಂತೆ ನೋಡಿದಳು. "ಹೆಂಗ ಹೇಳೂದ್ರಿ? ಗಂಡನ ಹೆಸರು ಯಾರರ ಬಾಯಿಲೆ ತಗೋತಾರೇನು? ಬಾಜೂ ನಿಂತಾಕಿ ಹೇಳಾಕ ಹೋದ್ಲು. ನೀ ಹೇಳಬ್ಯಾಡ, ಆಕಿನ ಹೇಳಲಿ ಅಂದ್ರು. ಗಂಡನ ಹೆಸರ ಗೊತ್ತಿಲ್ಲದಾಕಿ, ಕಳ್ಳ ವೋಟಿಗಿ ಬಂದಾಳ ಅಂದ ಒಬ್ಬ ಪಾರ್ಟಿ ಏಜೆಂಟ. ನಾ ಹಂಗ ಹೊಳ್ಳಿ ಬಂದ್ನಿ. ಮಂದಿ ಎಲ್ಲಾ ನೋಡಾಕತ್ತಿದ್ರು. ಅವತ್ತಿನಿಂದ ನಮ್ಮ ಓಣಿ ಹೆಣಮಕ್ಕಳು ಯಾರೂ ವೋಟಿನ ಮಾತು ಎತ್ತಿದ್ದಿಲ್ರಿ."

ಅಡುಗೆ, ನಾಚಿಕೆ ಎಂದು ಗಂಡಸರು ಹೇಳಿದ್ದರ ಹಿಂದೆ ಇದ್ದದ್ದು ಇಷ್ಟೇ. ನಾನು ನೋಟ್ ಪುಸ್ತಕ ತೆಗೆಯುವುದನ್ನೂ ಮರೆತೆ. "ಈ ಸಲ?" ಎಂದೆ.

"ಹೊಕ್ಕೇನಿ. ನಾ ಒಳಗ ಹೋಗಿ ಹಾಕಿ ಬಂದ್ರ ನಾವೂ ಬರತೇವಿ ಅಂದಾರ ಓಣಿಯವರು. ಹೊಳ್ಳಿ ಬಂದ್ನಿ ಅಂದ್ರ ಮುಗೀತು, ಇನ್ನ ಯಾರೂ ಆ ಸಾಲಿ ಕಡೆ ಮುಖ ಹಾಕಂಗಿಲ್ಲ."

"ಹೆಸರು ಕೇಳಿದರೆ?"

"ಅದ ನೋಡ್ರಿ" ಎಂದಳು, ಮತ್ತೆ ರೊಟ್ಟಿ ಬಡಿಯತೊಡಗಿದಳು.

ಕುಬಸದ ಮನೆ

ಮತದಾನದ ಹಿಂದಿನ ದಿನ ಅದೇ ಓಣಿಯಲ್ಲಿ ಒಂದು ಕುಬಸ. ನಮ್ಮ ಕಡೆ ಸೀಮಂತ ಎನ್ನುವುದನ್ನು ಇಲ್ಲಿ ಕುಬಸ ಎನ್ನುತ್ತಾರೆ. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಕೂರಿಸಿದ್ದರು. ಇಡೀ ಓಣಿಯ ಹೆಂಗಸರು ಕೂಡಿದ್ದರು. ಪಕ್ಕದ ಮನೆಯ ಹುಸೇನಬಿ ಕೂಡ ಬಂದು, ಬಸುರಿಯ ತಲೆಗೆ ಹೂವು ಮುಡಿಸಿ, ನೀಲವ್ವನಿಗೆ ಆತುಕೊಂಡು ಕೂತಿದ್ದಳು. ಆಕೆಯ ಗಂಡನದು ಬಟ್ಟೆ ಹೊಲಿಯುವ ಅಂಗಡಿ. ಅಲ್ಲಿದ್ದವರ ಕುಪ್ಪಸಗಳೆಲ್ಲ ಅದೇ ಅಂಗಡಿಯವು.

ಆರತಿ ಎತ್ತುವ ಮುಂಚೆ ಹೆಂಗಸರು ಒಬ್ಬೊಬ್ಬರನ್ನೇ ಹಿಡಿದು, "ಹೆಸರು ಹೇಳು, ಇಲ್ಲಂದ್ರ ಬಿಡಂಗಿಲ್ಲ" ಎಂದು ಕಾಡತೊಡಗಿದರು. ಒಬ್ಬಳು ಸೆರಗು ಬಾಯಿಗಿಟ್ಟುಕೊಂಡು ನಾಚಿ, ಕೊನೆಗೆ ಹೇಳಿದಳು:

"ಹೊಸಾ ಬುಟ್ಟ್ಯಾಗ ದ್ರಾಕ್ಷಿ ಗೊನಿ, ಗೊನಿ ತುಂಬ ಹಣ್ಣು,
ಸಿದರಾಮಪ್ಪನವರು ಬಂದ್ರ ನಗತಾವ ನನ್ನ ಕಣ್ಣು."

ಮನೆ ಹಾರಿಹೋಗುವಷ್ಟು ನಗು. ಗಂಡನ ಹೆಸರನ್ನು ಹೀಗೆ ಪದ್ಯದೊಳಗೆ ಸೇರಿಸಿ ಹೇಳಿದರೆ ದೋಷವಿಲ್ಲ, ಇದಕ್ಕೆ ಒಡಪು ಎನ್ನುತ್ತಾರೆ. ನಮ್ಮ ಮೈಸೂರಿನ ಮದುವೆಗಳಲ್ಲೂ ಹೀಗೆ ಹೆಸರು ಹೇಳಿಸುವುದುಂಟು, ಆದರೆ ನಮ್ಮ ತಲೆಮಾರಿಗೆ ಅದು ಬಿಟ್ಟುಹೋಗಿತ್ತು. ಸರದಿ ನನ್ನ ಹತ್ತಿರ ಬಂದಾಗ ನಾನು ನೆಟ್ಟಗೆ ಕೂತು, ವಿಳಾಸ ಹೇಳುವವಳ ಹಾಗೆ, "ಶ್ರೀಕಂಠಮೂರ್ತಿ" ಎಂದೆ.

ನಗು ಕತ್ತರಿಸಿದ ಹಾಗೆ ನಿಂತಿತು. ಒಬ್ಬಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಮುದುಕಿಯೊಬ್ಬಳು, "ಯವ್ವಾ, ಹಂಗ ಬರೇ ಹೆಸರು ತಗೊಂಡ್ರ ಅವರ ಆಯುಷ್ಯ ಏನಾಗಬೇಕ" ಎಂದು ನನ್ನ ಪರವಾಗಿ ತಾನೇ ದೇವರಿಗೆ ಕೈಮುಗಿದಳು. ಕಾಲೇಜು ಓದಿದ ನನಗೆ ಇದು ಮೂಢನಂಬಿಕೆ ಎಂದು ಗೊತ್ತಿತ್ತು. ಆದರೂ ಮರುದಿನ ಬೆಳಿಗ್ಗೆಯೇ ಮನೆಗೆ ಕ್ಷೇಮ ಕೇಳಿ ಒಂದು ಕಾರ್ಡು ಹಾಕಿದೆ.

ಮತದಾನದ ದಿನ

ತಿಕೋಟಾದ ಶಾಲೆಯಲ್ಲಿ ಒಂದು ಬಾಗಿಲಿಗೆ ಗಂಡಸರ ಪಾಳಿ, ಇನ್ನೊಂದಕ್ಕೆ ಹೆಂಗಸರ ಪಾಳಿ. ಗಂಡಸರ ಸಾಲು ಬೆಳಗಾಗುವಷ್ಟರಲ್ಲಿ ಗೇಟು ದಾಟಿ ರಸ್ತೆಗೆ ಬಂದಿತ್ತು. ಹೆಂಗಸರ ಕಡೆ ಎರಡು ನಾಯಿ ಮಲಗಿದ್ದವು.

ನೀಲವ್ವ ಬಂದಳು. ಇಳಕಲ್ ಸೀರೆ, ತಲೆ ತುಂಬ ಸೆರಗು. ಅವಳ ಹಿಂದೆ ಹುಸೇನಬಿ, ಇನ್ನೂ ನಾಲ್ಕಾರು ಜನ. ಅವರು ಪಾಳಿಯಲ್ಲಿ ನಿಲ್ಲಲಿಲ್ಲ, ಶಾಲೆಯ ಗೋಡೆಗೆ ಒರಗಿ ಕಿಟಕಿಯಿಂದ ನೋಡುತ್ತ ನಿಂತರು. ಇವಳು ಒಳಗೆ ಹೋಗಿ ಬರುವುದರ ಮೇಲೆ ಅವರ ನಿರ್ಧಾರ. ನನಗೆ ನನ್ನ ಬಿ.ಎ. ಫಲಿತಾಂಶದ ದಿನವೂ ಇಷ್ಟು ಎದೆ ಹೊಡೆದುಕೊಂಡಿರಲಿಲ್ಲ.

ಒಳಗೆ ಮೇಜಿನ ಹಿಂದೆ ಮತಗಟ್ಟೆಯ ಅಧಿಕಾರಿ. ಮಂಡ್ಯದ ಕಡೆಯ ಹುಡುಗ, ಬಿಜಾಪುರದ ಯಾವುದೋ ಕಚೇರಿಗೆ ಹೊಸದಾಗಿ ವರ್ಗವಾಗಿ ಬಂದವನು. ನನ್ನ ಮಾತು ಕೇಳಿ, "ನೀವು ನಮ್ಮ ಕಡೆಯೋರಾ ಮೇಡಂ?" ಎಂದು ಮುಖ ಅರಳಿಸಿದ. ಅವನ ಪಕ್ಕದಲ್ಲಿ ಬೆರಳಿಗೆ ಶಾಯಿ ಹಚ್ಚಲು ಅದೇ ಊರಿನ ಟೀಚರಮ್ಮ. ಎದುರಿನ ಬೆಂಚಿನ ಮೇಲೆ ಎರಡೂ ಪಕ್ಷದ ಏಜೆಂಟರು. ಬೇವಿನ ಗಿಡದ ಕಡೆಯವನ ಹೆಸರು ಈರಪ್ಪ. ನೀಲವ್ವನ ಮನೆಯಿಂದ ಎರಡು ಮನೆ ಆಚೆಗೆ ಅವನ ಮನೆ. ನಿನ್ನೆ ಕುಬಸದ ಮನೆಯಲ್ಲಿ ಗಂಡಸರ ಪಂಕ್ತಿಗೆ ಹೋಳಿಗೆ ಬಡಿಸುವಾಗ ನೀಲವ್ವನ ಕೈಯಿಂದಲೇ ಅವನು ಎರಡನೆಯ ಸಲ ಹಾಕಿಸಿಕೊಂಡಿದ್ದ.

ನೀಲವ್ವ ಚೀಟಿ ಕೊಟ್ಟಳು. ಅಧಿಕಾರಿ ಪಟ್ಟಿಯಲ್ಲಿ ಹುಡುಕಿದ. ಈರಪ್ಪ ಎದ್ದು ನಿಂತ.

"ಇಕಿ ಯಾರಂತ ನನಗ ಗೊತ್ತಿಲ್ರಿ ಸಾಹೇಬ್ರ. ಮುಖದ ತುಂಬ ಸೆರಗೈತಿ. ಗಂಡನ ಹೆಸರು ಕೇಳ್ರಿ."

ಅವನ ಲೆಕ್ಕ ಸರಳವಾಗಿತ್ತು. ಗಂಡ ಬಸ್ಸಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾನೆ, ಆದ್ದರಿಂದ ಹೆಂಡತಿಯ ಮತವೂ ಅಲ್ಲಿಗೆ. ಒಂದು ಕಡಿಮೆಯಾದರೆ ಒಂದು ಲಾಭ.

"ನಿಮ್ಮ ಯಜಮಾನ್ರ ಹೆಸರೇನಮ್ಮ?" ಎಂದ ಅಧಿಕಾರಿ.

ನೀಲವ್ವ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

"ಹೇಳಿಬಿಡಮ್ಮ, ಹೊತ್ತಾಗ್ತದೆ."

ನನಗೆ ತಡೆಯಲಾಗಲಿಲ್ಲ. "ನಾನು ಇವರ ಮನೆಯಲ್ಲೇ ಇಳಿದುಕೊಂಡಿದ್ದೇನೆ, ಇವರು ಯಾರೆಂದು..." ಎನ್ನುವಷ್ಟರಲ್ಲಿ ಹುಡುಗ ಕೈ ಎತ್ತಿದ. "ನೀವು ಮಾತಾಡೋ ಹಾಗಿಲ್ಲ ಮೇಡಂ. ಪಾಸು ವಾಪಸ್ ತಗೋಬೇಕಾಗುತ್ತೆ. ಅವರೇ ಹೇಳ್ಬೇಕು." ನಮ್ಮ ಕಡೆಯವನು ಎಂಬ ಪ್ರೀತಿ ಅಲ್ಲಿಗೆ ಮುಗಿಯಿತು.

ಈರಪ್ಪ ಮೀಸೆಯಲ್ಲೇ ನಗುತ್ತ ಕೂತ. ಕಿಟಕಿಯ ಆಚೆ ಹುಸೇನಬಿಯ ಮುಖ ಕಂಡಿತು, ಅದರ ಹಿಂದೆ ಉಳಿದವರ ಮುಖ. ನೀಲವ್ವನ ಕಾಲು ಬಾಗಿಲ ಕಡೆ ಒಂದಿಷ್ಟು ತಿರುಗಿದ್ದನ್ನು ನಾನು ನೋಡಿದೆ. ಹೋಯಿತು, ಎಂದುಕೊಂಡೆ. ಅವಳು ಮತ್ತೆ ಮೇಜಿನ ಕಡೆ ತಿರುಗಿದಳು. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿದಳು. ಕುಬಸದ ಮನೆಯಲ್ಲಿ ಹೇಳುವ ಹಾಗೆಯೇ, ರಾಗವಾಗಿ, ಇಡೀ ಶಾಲೆಗೆ ಕೇಳುವಂತೆ ಹೇಳಿದಳು:

"ಸಾಲಿ ಮುಂದ ಪಾಳಿ ಹಚ್ಚಿ ಒಳಗ ಬಂದೇನಿ ನಾನು,
ಮಲ್ಲಪ್ಪನವರ ಹೆಣತಿ ನಾ, ಮತ್ತ ಕೇಳೂದೇನು?"

ಕಿಟಕಿಯ ಆಚೆ ನಗು ಸ್ಫೋಟಿಸಿತು. ಗಂಡಸರ ಪಾಳಿ ಇದೇನೆಂದು ಇತ್ತ ತಿರುಗಿತು. ಅಧಿಕಾರಿ ಏನೂ ಅರ್ಥವಾಗದೆ ಪಕ್ಕದ ಟೀಚರಮ್ಮನ ಮುಖ ನೋಡಿದ.

"ಅದು ಒಡಪು. ಅದನ್ನ ಹೆಸರು ಹೇಳಿದಂಗ ಅಂತ ಹಿಡಿಯಾಕ ಬರಂಗಿಲ್ಲ" ಎಂದ ಈರಪ್ಪ.

"ಯಾಕ ಬರಂಗಿಲ್ಲ?" ಎಂದರು ಟೀಚರಮ್ಮ. "ಮಲ್ಲಪ್ಪ ಅಂತ ಆಕಿ ಬಾಯಿಲೇನ ಬಂತು. ನೀವೂ ಕೇಳೀರಿ, ನಾನೂ ಕೇಳೇನಿ. ಹಾಡಿ ಹೇಳಬಾರದು ಅಂತ ಕಾಯದೆದಾಗ ಐತೇನ್ರಿ ಸಾಹೇಬ್ರ?"

ಹುಡುಗ ಪಟ್ಟಿಯ ಮೇಲೆ ಬೆರಳಿಟ್ಟು ನೋಡಿದ. "ನೀಲವ್ವ, ಗಂಡ ಮಲ್ಲಪ್ಪ. ಸರಿಯಾಗೇ ಇದೆ" ಎಂದು ಮೆಲ್ಲಗೆ ಹೇಳಿದ. ಅವನ ಮುಖದ ಮೇಲೂ ನಗು ಬಂದಿತ್ತು. ಶಾಯಿ ಹಚ್ಚಿಸಿಕೊಂಡು, ಮತಪತ್ರ ತೆಗೆದುಕೊಂಡು, ನೀಲವ್ವ ಮರೆಯ ಹಿಂದೆ ಹೋದಳು. ಅಲ್ಲಿ ಬಹಳ ಹೊತ್ತು ನಿಂತಿದ್ದಳು ಎನಿಸಿತು. ಬಂದು, ಮಡಿಚಿದ ಕಾಗದವನ್ನು ಪೆಟ್ಟಿಗೆಯೊಳಗೆ ಹಾಕಿದಳು. ಎಷ್ಟೋ ಚುನಾವಣೆಯಲ್ಲಿ ನಾನು ಮತ ಹಾಕಿ ಹೊರಬಂದದ್ದು ತರಕಾರಿ ಕೊಂಡು ಬಂದ ಹಾಗೆ.

ಹುಸೇನಬಿ ಒಳಗೆ ಬಂದಳು. ಈರಪ್ಪ ಹಟ ಬಿಡಲಿಲ್ಲ, ಅವಳಿಗೂ ಹೆಸರು ಕೇಳಿಸಿದ. "ನಮ್ಮ ಮಂದಿ ಒಡಪು ಹಾಕಂಗಿಲ್ರಿ" ಎಂದಳು ಹುಸೇನಬಿ. "ನಾವೂ ಹೆಸರು ತಗೊಳ್ಳಂಗಿಲ್ಲ, ಅದ ಬ್ಯಾರೆ. ಆದ್ರ ಇವರ ಮನ್ಯಾಗ ಕೇಳಿ ಕೇಳಿ ನನಗೂ ಬರತಾವ.

ಹಬ್ಬದ ದಿನಾ ಸುರಕುಂಬಾಕ್ಕ ಹಾಕತೇನ್ರಿ ಖೋಬ್ರಿ,
ದಸ್ತಗೀರಸಾಬರ ಮನಿಯಾಕಿ ನಾ, ಲಗೂನ ಚೀಟಿ ಕೊಡ್ರಿ."

ರಂಜಾನಿನ ಪಾಯಸವೂ ಒಡಪಿಗೆ ಬಂದದ್ದಕ್ಕೆ ಅಧಿಕಾರಿ ಈಗ ಬಾಯಿಬಿಟ್ಟೇ ನಕ್ಕು ಮತಪತ್ರ ಕೊಟ್ಟ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಎಲ್ಲ ಓಣಿಗಳಿಗೂ ಹೋಗಿತ್ತು. ಹೆಂಗಸರು ಗುಂಪುಗುಂಪಾಗಿ ಬಂದರು. ಸೊಸೆಯರ ಜೊತೆ ಅತ್ತೆಯರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು, ಹೊಲದಿಂದ ನೇರ ಬಂದವರು. ಪಾಳಿಯಲ್ಲಿ ನಿಂತೇ ಒಡಪು ಕಟ್ಟುತ್ತಿದ್ದರು, ಪ್ರಾಸ ಸಿಗದವರಿಗೆ ಹಿಂದಿನವರು ಹೇಳಿಕೊಡುತ್ತಿದ್ದರು. ನಾಯಿಗಳು ಎದ್ದು ಗಂಡಸರ ಬಾಗಿಲಿಗೆ ಹೋಗಿ ಮಲಗಿದವು, ಅಲ್ಲಿ ಪಾಳಿಯೇ ಉಳಿದಿರಲಿಲ್ಲ. ಹುಡುಗ ಹೆಸರು ಕೇಳುವುದನ್ನು ನಿಲ್ಲಿಸಿಬಿಟ್ಟ. ಆದರೂ ಅವರು ಬಿಡಬೇಕಲ್ಲ. ಕೇಳದಿದ್ದರೂ ಹೇಳಿಯೇ ಮುಂದೆ ಹೋಗುತ್ತಿದ್ದರು. "ಸಣ್ಣದು ಹೇಳ್ರಮ್ಮ, ಸಣ್ಣದು" ಎಂದು ಅವನು ಬೇಡಿಕೊಳ್ಳತೊಡಗಿದ.

ಹೊತ್ತು ಇಳಿಯುವ ಮುಂಚೆ ತೆಳ್ಳಗಿನ, ಎತ್ತರದ ಹೆಂಗಸೊಬ್ಬಳು ಒಳಗೆ ಬಂದಳು. ಈರಪ್ಪ ಅವಳನ್ನು ನೋಡಿದವನೇ ಕಿಟಕಿಯ ಕಡೆ ಮುಖ ತಿರುಗಿಸಿದ. ಬಸ್ಸಿನ ಹೋಟೆಲಿನ ಕಡೆಯ ಏಜೆಂಟ ಬೆಳಗಿನಿಂದ ಬಾಯಿ ತೆರೆಯದವನು ಈಗ ಎದ್ದು ನಿಂತ. "ಸಾಹೇಬ್ರ, ಇವರು ಯಾರಂತ ನನಗೂ ಗೊತ್ತಾಗವಲ್ದು. ಗಂಡನ ಹೆಸರು ಕೇಳ್ರಿ."

ಆಕೆ ಈರಪ್ಪನನ್ನೇ ನೋಡುತ್ತ ಹೇಳಿದಳು:

"ಮೇಜಿನ ಮ್ಯಾಲ ಪೆಟಗಿ ಐತಿ, ಪೆಟಗಿಗಿಲ್ಲ ಕೀಲಿ,
ಈರಪ್ಪನವರ ಹೆಣತಿ ಬಂದಾಳ, ಬಿಡ್ರಿ ಆಕಿ ಪಾಳಿ."

ಆಮೇಲೆ ಈರಪ್ಪ ಯಾರ ಮೇಲೂ ಆಕ್ಷೇಪ ಎತ್ತಲಿಲ್ಲ. ಹೊತ್ತು ಮುಗಿದು ಗೇಟು ಹಾಕಿದಾಗ ಅಂಗಳದೊಳಗೆ ಇನ್ನೂ ಹೆಂಗಸರ ಸಾಲಿತ್ತು. ಒಳಗಿದ್ದವರಿಗೆಲ್ಲ ಮತದ ಹಕ್ಕುಂಟು ಎಂದು ಹುಡುಗನೇ ಹೊರಗೆ ಬಂದು ಘಂಟಾಘೋಷವಾಗಿ ಹೇಳಿದ. ಒಬ್ಬರನ್ನೂ ಹಿಂದಕ್ಕೆ ಕಳಿಸಲಿಲ್ಲ. ಕೊನೆಯವಳು ಹೊರಬಂದಾಗ ನನಗೆ ಕುಣಿಯಬೇಕೆನಿಸಿತು. ಮೈಸೂರಿನವಳು ಎಂಬ ಒಂದೇ ಕಾರಣಕ್ಕೆ ಸುಮ್ಮನಿದ್ದೆ.

ಸಂಜೆ

ಅಂದು ಸಂಜೆ ತಿಕೋಟಾದ ಗಂಡಸರಿಗೆ ನೆಮ್ಮದಿಯಿರಲಿಲ್ಲ. ಇಷ್ಟು ವರ್ಷ ಯಾರು ಎಲ್ಲಿ ಚಹಾ ಕುಡಿಯುತ್ತಾರೆ ಎಂದು ಎಣಿಸಿ ಊರಿನ ಫಲಿತಾಂಶ ಹೇಳುತ್ತಿದ್ದವರು ಅವರು. ಹೆಂಗಸರು ಯಾವ ಹೋಟೆಲಿಗೂ ಹೋಗುವವರಲ್ಲ. ಬಸ್ಸಿನ ಹೋಟೆಲಿನವರು ಹೆಂಗಸರ ಮತವೆಲ್ಲ ತಮ್ಮದೆಂದರು, ಬೇವಿನ ಗಿಡದವರು ತಮ್ಮದೆಂದರು, ಹಾಗೆನ್ನುವಾಗ ಇಬ್ಬರ ದನಿಯೂ ಗಟ್ಟಿಯಿರಲಿಲ್ಲ. ನನಗೆ ಎರಡೂ ಕಡೆ ಕರೆದು ಚಹಾ ಕೊಟ್ಟರು. ಒಳಗೆ ನಿಂತು ನೋಡಿದವಳಲ್ಲವೇ, ಸುಳಿವು ಗೊತ್ತಿರಬಹುದು ಎಂಬ ಆಸೆ. ಊರಿನ ಒಲವು ತಿಳಿಯಲು ಬಂದ ನಾನು ಏನೂ ಗೊತ್ತಿಲ್ಲ ಎಂದು ಹೇಳಿದೆ. ಹಾಗೆ ಹೇಳುವಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮನೆಯಲ್ಲಿ ಮಲ್ಲಪ್ಪನವರು ಊಟಕ್ಕೆ ಕೂತರು. ಹೆಂಡತಿಯ ಬಾಯಲ್ಲಿ ತಮ್ಮ ಹೆಸರು ಇಡೀ ಶಾಲೆಗೆ ಕೇಳಿಸಿದ್ದು ಅವರಿಗೆ ಗೊತ್ತಾಗಿತ್ತು. ಸಿಟ್ಟಾಗಿದ್ದಾರೋ ಎಂದು ನಾನು ಅಂಜುತ್ತಿದ್ದೆ. ಹಾಗೇನೂ ಇರಲಿಲ್ಲ. ಅವರ ಮುಖದಲ್ಲಿ ಒಂಥರಾ ನಾಚಿಕೆ, ಅದರೊಳಗೇ ಒಂದಿಷ್ಟು ಹೆಮ್ಮೆ. ಎಷ್ಟೋ ಹೊತ್ತು ರೊಟ್ಟಿ ಮುರಿಯುತ್ತ ಕೂತವರು ಕೊನೆಗೆ ತಲೆ ಎತ್ತದೆಯೇ ಕೇಳಿದರು:

"ಯಾರಿಗಿ ಹಾಕಿದಿ?"

"ಆ ಹೆಸರು ಬಾಯಿಲೆ ತಗೋಬಾರದ್ರಿ" ಎಂದಳು ನೀಲವ್ವ.

ಮಲ್ಲಪ್ಪನವರು ನನ್ನನ್ನು ನೋಡಿದರು. ನಾನು ತಟ್ಟೆ ನೋಡಿದೆ.

"ಒಡಪು ಹಾಕಿಯಾದ್ರೂ ಹೇಳ" ಎಂದರು.

"ಇದಕ್ಕ ಒಡಪು ಇಲ್ರಿ" ಎಂದು ಅವಳು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.